ಮುಟ್ಟದೆ ನುಡಿಸುವ ವಾದ್ಯಕ್ಕೂ ಸರಳೆ ವರಸೆಯೇ ಗುರು

"ಏನೇ ಅದು, ಕಿವಿ ಹತ್ರ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ?"

ಚನ್ನರಾಯಪಟ್ಟಣದಿಂದ ಫೋನ್ ಮಾಡಿದ್ದ ಅಮ್ಮ ಹೀಗೆ ಕೇಳಿದಾಗ, ನಾನು ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಥೆರೆಮಿನ್ ಮುಂದೆ ನಿಂತು ಗಾಳಿಯಲ್ಲಿ ಕೈ ಆಡಿಸುತ್ತಿದ್ದೆ. ಏಳನೇ ಕ್ಲಾಸಿನಲ್ಲಿ ಸಂಗೀತ ಪಾಠ ಬಿಟ್ಟವಳು ನಾನು. ಮನೆಯಲ್ಲಿ ಹೇಳಿದ್ದು 'ಪರೀಕ್ಷೆ ಇದೆ' ಅಂತ. ನಿಜ ಏನಂದ್ರೆ, ಅದೇ ಸರಳೆ ವರಸೆ ಹಾಡಿ ಹಾಡಿ ಬೇಜಾರಾಗಿತ್ತು. ಹದಿನೈದು ವರ್ಷ ಆದ್ಮೇಲೆ, ಆಫೀಸು ಮುಗಿಸಿ ರಾತ್ರಿ ಮೊಬೈಲ್ ನೋಡುವುದು ಬಿಟ್ಟು ಬೇರೇನಾದರೂ ಕಲಿಯೋಣ ಎಂದು ಈ ವಾದ್ಯ ತಂದೆ. ಅದು ನನ್ನನ್ನು ಕೈಹಿಡಿದು ವಾಪಸ್ ಕರೆದುಕೊಂಡು ಹೋಗಿದ್ದು ಅದೇ ಸರಳೆ ವರಸೆಗೆ!

ಏನಿದು ಥೆರೆಮಿನ್?

ಒಂದು ಪೆಟ್ಟಿಗೆ, ಅದಕ್ಕೆರಡು ಆಂಟೆನಾ. ನೆಟ್ಟಗೆ ನಿಂತ ಸರಳಿನ ಹತ್ತಿರ ಬಲಗೈ ತಂದರೆ ಸ್ವರ ಏರುತ್ತದೆ, ದೂರ ಒಯ್ದರೆ ಇಳಿಯುತ್ತದೆ. ಇನ್ನೊಂದು ಬಳೆಯಂತೆ ಬಾಗಿದ್ದು. ಅದರ ಹತ್ತಿರ ಎಡಗೈ ತಂದರೆ ಸದ್ದು ಅಡಗುತ್ತದೆ, ಎತ್ತಿದರೆ ಜೋರಾಗುತ್ತದೆ. ಒಳಗಿರುವುದು ರೇಡಿಯೊ ಸರ್ಕ್ಯೂಟ್. ನಮ್ಮ ಕೈ ಸಮೀಪಿಸಿದಾಗ ಅದರ ಕಂಪನದಲ್ಲಿ ಆಗುವ ಸಣ್ಣ ಬದಲಾವಣೆಯೇ ನಾದವಾಗುತ್ತದೆ.

ರಷ್ಯಾದ ಲೆವ್ ಥೆರೆಮಿನ್ 1920ರ ಸುಮಾರಿಗೆ ಇದನ್ನು ರೂಪಿಸಿದರು. ಅದೇ 1920ರಲ್ಲಿ ನಮ್ಮ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಆರ್.ಕೆ. ಶ್ರೀಕಂಠನ್ ಹುಟ್ಟಿದರು. ಮುಂದೆ ಅವರು ಆಕಾಶವಾಣಿಯಲ್ಲಿ ಕೆಲಸ ಮಾಡಿ, ಅದೇ ರೇಡಿಯೊ ಮೂಲಕ ಮನೆಮನೆಗೆ ಸಂಗೀತ ತಲುಪಿಸಿದರು. ಕಾವೇರಿ ದಡದ ಆ ಊರು ಎಷ್ಟೊಂದು ಗಾಯಕರನ್ನು, ಪಿಟೀಲು ವಿದ್ವಾಂಸರನ್ನು ಕೊಟ್ಟಿದೆ! ಅಲ್ಲಿ ತಂಬೂರಿ ಆಕಾರದ ಮಂದಿರವೇ ಇದೆ. ಎಷ್ಟು ದೊಡ್ಡ ವಿದ್ವಾಂಸರೇ ಆಗಲಿ, ತಂಬೂರಿ ಮೀಟಿ ಶ್ರುತಿ ಹಿಡಿದ ಮೇಲೇ ಕಛೇರಿ ಅಲ್ವಾ? ಥೆರೆಮಿನ್ ಕಲಿಯುವವರಿಗೂ ದಾರಿ ಅಲ್ಲಿಂದಲೇ ಶುರು.

ಮೊದಲು ಸುಮ್ಮನೆ ನಿಲ್ಲಿ

ವೀಣೆಯಲ್ಲಿ ಮೆಟ್ಟಿಲಿದೆ, ಹಾರ್ಮೋನಿಯಂನಲ್ಲಿ ಮನೆಗಳಿವೆ. ಪಿಟೀಲಿನಲ್ಲಿ ಕೊನೇಪಕ್ಷ ತಂತಿ ಆದರೂ ಬೆರಳಿಗೆ ಸಿಗುತ್ತದೆ. ಇಲ್ಲಿ ಏನೂ ಇಲ್ಲ, ಬರೀ ಗಾಳಿ. ತಲೆ ಅಲ್ಲಾಡಿಸಿದರೂ ಸ್ವರ ಜಾರುತ್ತದೆ. ಪಕ್ಕದಲ್ಲಿ ಯಾರಾದರೂ ಓಡಾಡಿದರೂ ಅಷ್ಟೇ. ಹಾಗಾಗಿ ಮೊದಲ ವಾರ ಮೊಬೈಲ್‌ನಲ್ಲಿ ಶ್ರುತಿ ಆ್ಯಪ್ ಹಾಕಿಕೊಂಡು ಷಡ್ಜ ಒಂದನ್ನೇ ಹಿಡಿದೆ. ಒಂದು ಉಸಿರಿನಷ್ಟು ಹೊತ್ತು ಅದು ಅಲುಗದೆ ನಿಲ್ಲಬೇಕು. ಆಮೇಲೆ ಸ–ಪ, ಆಮೇಲೆ ಸ–ಮೇಲಿನ ಸ. ಕೇಳೋಕೆ ಸುಲಭ. ನನಗೆ ಹತ್ತು ದಿನ ಹಿಡಿಯಿತು.

ನಂತರ ವರಸೆಗಳು

ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಎಂಬ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎನ್ನುತ್ತದೆ ನಮ್ಮ ಪರಂಪರೆ. ಈ ಪಾಠಗಳ ರಾಗ ಮಾಯಾಮಾಳವಗೌಳ. ಇದರಲ್ಲಿ ಸ–ರಿ ಹತ್ತಿರ, ರಿ–ಗ ದೂರ, ಗ–ಮ ಮತ್ತೆ ಹತ್ತಿರ. ಕೈಗೆ ಚಿಕ್ಕ ಹೆಜ್ಜೆ, ದೊಡ್ಡ ಹೆಜ್ಜೆ ಎರಡೂ ಒಟ್ಟಿಗೇ ಅಭ್ಯಾಸವಾಗುತ್ತವೆ.

ಸರಳೆ ವರಸೆಯನ್ನು ಮೊದಲ ಕಾಲದಲ್ಲೇ ನುಡಿಸಿ. ಪ್ರತಿ ಸ್ವರವನ್ನೂ ಮೊದಲು ಬಾಯಲ್ಲಿ ಹಾಡಿ, ಆಮೇಲೆ ಕೈಯಲ್ಲಿ ಹುಡುಕಿ. ಕಿವಿಗೆ ಗೊತ್ತಿಲ್ಲದ ಸ್ವರ ಕೈಗೆ ಸಿಗೋದಿಲ್ಲ. ಇಡೀ ತೋಳು ಬೀಸುವ ಬದಲು ಮುಚ್ಚಿದ ಬೆರಳುಗಳನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಸ್ವರ ಏರಿಸಿ. ಇಂಥ ಬೆರಳುಗಾರಿಕೆಯನ್ನು ಬೆಳೆಸಿದವರು ಕ್ಲಾರಾ ರಾಕ್‌ಮೋರ್. ಕೈ ತೊಂದರೆಯಿಂದ ಪಿಟೀಲು ಬಿಡಬೇಕಾಗಿ ಬಂದಾಗ ಆಕೆ ಥೆರೆಮಿನ್ ಹಿಡಿದು ಜಗತ್ಪ್ರಸಿದ್ಧರಾದರು.

ಜಂಟಿ ವರಸೆ ಎಡಗೈಗೆ ಪಾಠ. ಸಸ ರಿರಿ ಅನ್ನುವಾಗ ಎರಡು 'ಸ'ಗಳ ಮಧ್ಯೆ ಎಡಗೈ ಚಕ್ಕನೆ ಇಳಿದು ಏಳಬೇಕು. ಇಲ್ಲದಿದ್ದರೆ ಎರಡೂ ಸೇರಿ ಒಂದೇ ಆಗುತ್ತದೆ. ಧಾಟು ವರಸೆಯಲ್ಲಿ ಸ್ವರ ಬಿಟ್ಟು ಸ್ವರಕ್ಕೆ ಜಿಗಿತ. ಜಿಗಿಯುವಾಗ ಸದ್ದು ಅಡಗಿಸಿ, ಸರಿಯಾದ ಜಾಗಕ್ಕೆ ಬಂದು ಮತ್ತೆ ತೆರೆಯಬೇಕು. ಇವು ಗಟ್ಟಿಯಾದ ಮೇಲಷ್ಟೇ ಸಪ್ತತಾಳ ಅಲಂಕಾರ, ಎರಡನೇ ಕಾಲ.

ಹೇಗಿದ್ದರೂ ಜಾರುವ ವಾದ್ಯ, ಗಮಕ ತಾನಾಗೇ ಬರುತ್ತದೆ ಅಂದುಕೊಂಡಿದ್ದೆ. ತಪ್ಪು. ಜಾರುವುದು ಇದರ ಸ್ವಭಾವ, ನಿಲ್ಲಿಸುವುದು ನಮ್ಮ ಸಾಧನೆ. ಎಲ್ಲಿ ನಿಲ್ಲಬೇಕೆಂದು ಗೊತ್ತಿದ್ದವರ ಜಾರಿಕೆಗೆ ಮಾತ್ರ ಗಮಕ ಅಂತ ಹೆಸರು.

ದಿನಕ್ಕೆ ಇಪ್ಪತ್ತೇ ನಿಮಿಷ

ಐದು ನಿಮಿಷ ಷಡ್ಜ, ಹತ್ತು ನಿಮಿಷ ಒಂದೇ ಒಂದು ವರಸೆ, ಕೊನೆಯ ಐದು ನಿಮಿಷ ಇಷ್ಟಬಂದಂತೆ. ವಾರಕ್ಕೊಮ್ಮೆ ರೆಕಾರ್ಡ್ ಮಾಡಿ ಕೇಳಿ. ನುಡಿಸುವಾಗ ಕೇಳಿಸದ ಅಪಸ್ವರ ಆಗ ಚೆನ್ನಾಗಿ ಕೇಳಿಸುತ್ತೆ!

ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಅಮ್ಮನಿಗೆ ಫೋನಿನಲ್ಲೇ ನುಡಿಸಿ ಕೇಳಿಸಿದೆ. ಮದುವೆಗೆ ಮುಂಚೆ ಸಂಗೀತ ಕಲಿತು, ಆಮೇಲೆ ಮನೆ ಕೆಲಸದ ನಡುವೆ ಬಿಟ್ಟವಳು ಅವಳು. ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಕಟ್ ಆಯ್ತೇನೋ ಅಂದುಕೊಂಡೆ.

"ಗ ಒಂಚೂರು ಕೆಳಗಿದೆ ಕಣೇ," ಅಂದಳು. ಆಮೇಲೆ ತಾನೇ ಹಾಡಿ ತೋರಿಸಿದಳು. ಅಮ್ಮ ಹಾಡಿದ್ದನ್ನು ಎಷ್ಟೋ ವರ್ಷಗಳ ಮೇಲೆ ಕೇಳಿದ್ದೆ. ನನ್ನ ಕೈ ಗಾಳಿಯಲ್ಲಿ ಒಂದು ಎಳೆಯಷ್ಟು ಮುಂದೆ ಸರಿಯಿತು. ಗಾಂಧಾರ ಸರಿಯಾಗಿ ಕೂತಿತು.

ಈಗ ಪ್ರತಿ ಭಾನುವಾರ ಸಂಜೆ ನಮ್ಮಿಬ್ಬರದೂ ಪಾಠ. ಅವಳು ಹಾಡುತ್ತಾಳೆ, ನಾನು ಹುಡುಕುತ್ತೇನೆ.