ಮೊಟ್ಟೆ ಸಾಲನ್: ಮಾಡುವುದು ಹೇಗೆ, ಹಾಗೇ ಮಾಡುವುದು ಏಕೆ

ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ‘ಅಂಡೇ ಕಾ ಸಾಲನ್’ ಎನ್ನುವುದನ್ನು ಪಕ್ಕದ ಮನೆಯವರು ‘ಮೊಟ್ಟೆ ಸಾರು’ ಎನ್ನುತ್ತಾರೆ. ಹೆಸರು ಬೇರೆಯಾದರೂ ಪಾತ್ರೆಯಲ್ಲಿರುವುದು ಹೆಚ್ಚುಕಡಿಮೆ ಒಂದೇ: ಈರುಳ್ಳಿ, ಟೊಮೆಟೊ, ತೆಂಗಿನಕಾಯಿಯ ಮಸಾಲೆಯಲ್ಲಿ ಬೆಂದ ಮೊಟ್ಟೆ. ನೆಂಟರು ಹೇಳದೆ ಬಂದ ದಿನ, ಮಾಂಸ ತರಲಾಗದ ದಿನ, ತಿಂಗಳ ಕೊನೆಯ ವಾರ, ಈ ಮೂರಕ್ಕೂ ನಂಜನಗೂಡಿನ ನಮ್ಮ ಮನೆಯಲ್ಲಿ ಇದೇ ಅಡುಗೆ.

ನಮ್ಮ ವಯಸ್ಸಿನವರು ಇದನ್ನು ಕಲಿಯಬೇಕು ಎನ್ನಲು ಒಂದು ಕಾರಣವಿದೆ. ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 10ನೇ ತರಗತಿಯವರೆಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ. ತಿನ್ನದವರಿಗೆ ಬಾಳೆಹಣ್ಣು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿದ ಮೇಲೆ ಅದು ವಾರಕ್ಕೆ 6 ದಿನವಾಯಿತು. ಆದರೆ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಬಂದವರಿಗೆ ಆ ಮೊಟ್ಟೆ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವರು, ಬರೀ ಟೀ ಕುಡಿದು ಬರುತ್ತಾರೆ. ಐಸಿಎಂಆರ್‌ನ 2020ರ ಶಿಫಾರಸಿನ ಪ್ರಕಾರ 16ರಿಂದ 18 ವಯಸ್ಸಿನ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಯರಿಗೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಎರಡು ಮೊಟ್ಟೆ ತಿಂದರೆ ಹೆಚ್ಚುಕಡಿಮೆ ಕಾಲು ಭಾಗ ಬಂದಂತೆ.

ಈ ಅಡುಗೆಯಲ್ಲಿ ನೆನಪಿಡಬೇಕಾದ ಮಾತು ಒಂದೇ. ಮೊಟ್ಟೆ ಬೇಗ ಬೇಯುತ್ತದೆ, ಮಸಾಲೆ ನಿಧಾನವಾಗಿ ಬೇಯುತ್ತದೆ. ಆದ್ದರಿಂದ ಮಸಾಲೆಯ ಕೆಲಸ ಪೂರ್ತಿ ಮುಗಿದ ಮೇಲೆಯೇ ಮೊಟ್ಟೆ ಒಳಗೆ ಹೋಗಬೇಕು.

ಬೇಕಾಗುವ ಸಾಮಾನು (4 ಜನಕ್ಕೆ)

ಮೊಟ್ಟೆ 8, ಮಧ್ಯಮ ಗಾತ್ರದ ಈರುಳ್ಳಿ 3, ಟೊಮೆಟೊ 3, ತೆಂಗಿನಕಾಯಿ ಕಾಲು ಭಾಗ, ಗಸಗಸೆ 1 ಚಮಚ, ಶುಂಠಿ ಬೆಳ್ಳುಳ್ಳಿ ಪೇಸ್ಟ್ 1 ಚಮಚ, ಅಚ್ಚ ಖಾರದ ಪುಡಿ ಒಂದೂವರೆ ಚಮಚ, ಧನಿಯಾ ಪುಡಿ 2 ಚಮಚ, ಅರಿಶಿನ ಕಾಲು ಚಮಚ, ಚಕ್ಕೆ ಒಂದು ತುಂಡು, ಲವಂಗ 2, ಎಣ್ಣೆ 3 ದೊಡ್ಡ ಚಮಚ, ಉಪ್ಪು, ಕೊತ್ತಂಬರಿ ಸೊಪ್ಪು.

ಮೊಟ್ಟೆ ಬೇಯಿಸುವುದು

ಮೊದಲು ಮೊಟ್ಟೆಯನ್ನು ನೀರಿನಲ್ಲಿ ಹಾಕಿ ನೋಡಿ. ಮುಳುಗಿ ಅಡ್ಡ ಮಲಗಿದರೆ ಹೊಸದು. ತೇಲಿದರೆ ತುಂಬಾ ಹಳೆಯದು, ಬಿಟ್ಟುಬಿಡಿ. ಚಿಪ್ಪಿನ ಸಣ್ಣ ರಂಧ್ರಗಳಿಂದ ಒಳಗಿನ ತೇವ ಹೊರಗೆ ಹೋಗಿ ಗಾಳಿ ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ. ಅಂದೇ ಇಟ್ಟ ಮೊಟ್ಟೆಯನ್ನು ಬೇಯಿಸಿದರೆ ಚಿಪ್ಪು ಅಂಟಿಕೊಂಡು ಸುಲಿಯಲು ಬರುವುದಿಲ್ಲ. ಕೆಲವು ದಿನ ಕಳೆದ ಮೊಟ್ಟೆ ಸುಲಿಯಲು ಸುಲಭ.

ನೀರು ಕುದಿ ಬಂದ ಮೇಲೆ 10 ನಿಮಿಷ ಸಾಕು. ಬಿಳಿ ಭಾಗ 65 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಗಟ್ಟಿಯಾಗತೊಡಗುತ್ತದೆ, ಹಳದಿ ಭಾಗ 70 ಡಿಗ್ರಿ ಹೊತ್ತಿಗೆ. ಇನ್ನೂ ಬೇಯಿಸುತ್ತಾ ಹೋದರೆ ಬಿಳಿ ಭಾಗ ರಬ್ಬರ್‌ನಂತೆ ಆಗುತ್ತದೆ, ಹಳದಿಯ ಸುತ್ತ ಹಸಿರು ಬಣ್ಣದ ಗೆರೆ ಬರುತ್ತದೆ. ಬಿಳಿ ಭಾಗದ ಗಂಧಕ ಹಳದಿ ಭಾಗದ ಕಬ್ಬಿಣದ ಜೊತೆ ಸೇರಿದ್ದರ ಗುರುತು ಅದು. ತಿಂದರೆ ತೊಂದರೆ ಇಲ್ಲ, ಆದರೆ ರುಚಿ ಕಡಿಮೆ. ಬೆಂದ ಕೂಡಲೇ ತಣ್ಣೀರಿಗೆ ಹಾಕಿದರೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ.

ಸುಲಿದ ಮೊಟ್ಟೆಗೆ ಚಾಕುವಿನಿಂದ ಮೂರು ನಾಲ್ಕು ಗೀರು ಹಾಕಿ. ಒಂದು ಚಮಚ ಎಣ್ಣೆಯಲ್ಲಿ ಚಿಟಿಕೆ ಅರಿಶಿನ, ಖಾರದ ಪುಡಿ ಹಾಕಿ ಮೊಟ್ಟೆಗಳನ್ನು ಒಂದು ನಿಮಿಷ ಹೊರಳಿಸಿ ತೆಗೆದಿಡಿ. ಗೀರು ಇದ್ದರೆ ಒಳಗಿನ ಆವಿ ಹೊರಗೆ ಹೋಗುತ್ತದೆ, ಮೊಟ್ಟೆ ಸಿಡಿಯುವುದಿಲ್ಲ. ಆಮೇಲೆ ಮಸಾಲೆಯೂ ಅಲ್ಲಿ ಹಿಡಿಯುತ್ತದೆ.

ಮಸಾಲೆ

ಉಳಿದ ಎಣ್ಣೆಗೆ ಚಕ್ಕೆ, ಲವಂಗ, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ. ಈರುಳ್ಳಿ ಕೆಂಪಗಾಗಲು 12ರಿಂದ 15 ನಿಮಿಷ ಬೇಕು. ಇಲ್ಲಿ ಆತುರ ಮಾಡಿದರೆ ಕೊನೆಯವರೆಗೂ ಹಸಿ ವಾಸನೆ ಉಳಿಯುತ್ತದೆ. ಶುಂಠಿ ಬೆಳ್ಳುಳ್ಳಿ ಪೇಸ್ಟ್, ಆಮೇಲೆ ಪುಡಿಗಳು, ಆಮೇಲೆ ಟೊಮೆಟೊ. ಪುಡಿ ಹಾಕಿದಾಗ ಉರಿ ಸಣ್ಣಗಿರಲಿ, ಖಾರದ ಪುಡಿ ಕ್ಷಣದಲ್ಲಿ ಸೀಯುತ್ತದೆ.

‘ಎಣ್ಣೆ ಬಿಡುವವರೆಗೆ ಹುರಿಯಿರಿ’ ಎಂದು ದೊಡ್ಡವರು ಹೇಳುತ್ತಾರಲ್ಲ, ಅದಕ್ಕೆ ಅರ್ಥವಿದೆ. ಈರುಳ್ಳಿ, ಟೊಮೆಟೊದಲ್ಲಿ ನೀರು ಇರುವವರೆಗೆ ಪಾತ್ರೆಯೊಳಗಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಅಲ್ಲಿಯವರೆಗೆ ಮಸಾಲೆ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ನೀರು ಆರಿದ ಮೇಲೆ ಬಿಸಿ ಏರುತ್ತದೆ, ಎಣ್ಣೆ ಅಂಚಿನಲ್ಲಿ ಬೇರೆಯಾಗಿ ಕಾಣುತ್ತದೆ, ಹಸಿ ವಾಸನೆ ಹೋಗುತ್ತದೆ. ಗಡಿಯಾರ ನೋಡಬೇಡಿ, ಪಾತ್ರೆಯ ಅಂಚು ನೋಡಿ.

ಈಗ ನೆನೆಸಿದ ಗಸಗಸೆ ಮತ್ತು ತೆಂಗಿನಕಾಯಿ ರುಬ್ಬಿ ಹಾಕಿ, ಎರಡು ನಿಮಿಷ ಕೈಯಾಡಿಸಿ. ಎರಡು ಲೋಟ ಬಿಸಿನೀರು, ಉಪ್ಪು ಹಾಕಿ 8 ನಿಮಿಷ ಕುದಿಸಿ. ಕೊನೆಗೆ ಮೊಟ್ಟೆ ಬಿಟ್ಟು ಸಣ್ಣ ಉರಿಯಲ್ಲಿ 5 ನಿಮಿಷ ಇಟ್ಟು, ಕೊತ್ತಂಬರಿ ಸೊಪ್ಪು ಉದುರಿಸಿ ಇಳಿಸಿ.

ಟಿ. ನರಸೀಪುರದ ರೀತಿ

ಟಿ. ನರಸೀಪುರದಲ್ಲಿರುವ ನಮ್ಮ ನಾನಿ ಮೊಟ್ಟೆಯನ್ನು ಬೇರೆ ಬೇಯಿಸುವುದೇ ಇಲ್ಲ. ಸಾರನ್ನು ಸ್ವಲ್ಪ ತೆಳ್ಳಗೆ ಮಾಡಿ, ಹುಣಸೆಹುಳಿ ಹಾಕಿ, ಕುದಿಯುತ್ತಿರುವಾಗ ಮೊಟ್ಟೆಯನ್ನು ಒಡೆದು ನೇರವಾಗಿ ಬಿಡುತ್ತಾರೆ. ಅಲ್ಲಿ ಅದರ ಜೊತೆಗೆ ರಾಗಿಮುದ್ದೆ. ಈ ರೀತಿಯಲ್ಲಿ ಗ್ಯಾಸ್ ಉಳಿಯುತ್ತದೆ, ಸುಲಿಯುವ ಕೆಲಸ ಇಲ್ಲ, ಮೊಟ್ಟೆಗೆ ಉಪ್ಪು ಹುಳಿ ಚೆನ್ನಾಗಿ ಹಿಡಿಯುತ್ತದೆ. ಎರಡು ನಿಯಮ ಪಾಲಿಸಬೇಕು. ಒಂದು, ಪ್ರತಿ ಮೊಟ್ಟೆಯನ್ನು ಮೊದಲು ಬಟ್ಟಲಿಗೆ ಒಡೆದು ನೋಡಿ ಆಮೇಲೆ ಸಾರಿಗೆ ಬಿಡಬೇಕು, ಒಂದು ಕೆಟ್ಟಿದ್ದರೆ ಇಡೀ ಸಾರು ಹಾಳು. ಎರಡು, ಬಿಟ್ಟ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ, 6ರಿಂದ 7 ನಿಮಿಷ ಸೌಟು ಹಾಕಬಾರದು. ಹಳದಿ ಭಾಗ ಪೂರ್ತಿ ಗಟ್ಟಿಯಾದ ಮೇಲೆ ಇಳಿಸುವುದು ಆರೋಗ್ಯಕ್ಕೂ ಒಳ್ಳೆಯದು.

ಲೆಕ್ಕ

ಕಾಮರ್ಸ್ ವಿದ್ಯಾರ್ಥಿಯಾಗಿ ಲೆಕ್ಕ ಹಾಕದೆ ಬಿಡಲಾಗಲಿಲ್ಲ. ಒಂದು ಮೊಟ್ಟೆಗೆ 7 ರೂಪಾಯಿಯಂತೆ 8ಕ್ಕೆ 56 ರೂಪಾಯಿ. ಈರುಳ್ಳಿ 10, ಟೊಮೆಟೊ 10, ಕಾಯಿ 10, ಎಣ್ಣೆ 7, ಮಸಾಲೆ ಮತ್ತು ಸೊಪ್ಪು 10, ಗ್ಯಾಸ್ 5. ಒಟ್ಟು 108 ರೂಪಾಯಿ, ತಲೆಗೆ 27 ರೂಪಾಯಿ. ದರ ವಾರಕ್ಕೊಮ್ಮೆ ಬದಲಾಗುತ್ತದೆ, ನಿಮ್ಮ ಅಂಗಡಿಯ ದರ ಹಾಕಿ ನೋಡಿ. ನನಗೆ ಕಂಡದ್ದು ಇಷ್ಟು: ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೊಟ್ಟೆಗೆ ಹೋಗುತ್ತದೆ, ಸಮಯ ಮಾತ್ರ ಹೆಚ್ಚಾಗಿ ಮಸಾಲೆಗೆ ಹೋಗುತ್ತದೆ.

ಪರೀಕ್ಷೆ ಮತ್ತು ಸೆಹ್ರಿ

ಈ ಸಮಯದ ಲೆಕ್ಕ ರಂಜಾನ್‌ನಲ್ಲಿ ಉಪಯೋಗಕ್ಕೆ ಬರುತ್ತದೆ. 2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 1ಕ್ಕೆ ಶುರುವಾಯಿತು, ಉಪವಾಸ ಮಾರ್ಚ್ 2ಕ್ಕೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುವುದರಿಂದ 2026ರಲ್ಲೂ ಅದು ಫೆಬ್ರವರಿ–ಮಾರ್ಚ್ ತಿಂಗಳಲ್ಲೇ. ಉಪವಾಸವಿದ್ದು ಪರೀಕ್ಷೆ ಬರೆಯುವವರಿಗೆ ಸೆಹ್ರಿಯಲ್ಲಿ ಬರೀ ಅನ್ನಕ್ಕಿಂತ ಮೊಟ್ಟೆಯೂ ಇದ್ದರೆ ಹಸಿವು ತಡವಾಗಿ ಆಗುತ್ತದೆ. ಆದರೆ ಉಪ್ಪು, ಖಾರ ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ಹಗಲೆಲ್ಲಾ ಬಾಯಾರಿಕೆ.

ಸೆಹ್ರಿಗೆ ಅಡುಗೆ ಮಾಡಲು ಎಲ್ಲರಿಗಿಂತ ಮೊದಲು ಏಳುವುದು ಅಮ್ಮಿ. ಎಣ್ಣೆ ಬಿಡುವವರೆಗಿನ ಮಸಾಲೆಯನ್ನು ರಾತ್ರಿಯೇ ಮಾಡಿ ಆರಿಸಿ ಫ್ರಿಜ್‌ನಲ್ಲಿಟ್ಟರೆ, ಬೆಳಗಿನ ಜಾವ ಕಾಯಿ ಮತ್ತು ನೀರು ಹಾಕಿ ಚೆನ್ನಾಗಿ ಕುದಿಸಿ ಮೊಟ್ಟೆ ಒಡೆದು ಬಿಡುವುದಷ್ಟೇ ಕೆಲಸ. ಕಾಲು ಗಂಟೆ ಸಾಕು. ರಾತ್ರಿ ಹತ್ತು ಗಂಟೆಗೆ ಓದಿ ಬೇಸರವಾದಾಗ ಎದ್ದು ಈರುಳ್ಳಿ ಹೆಚ್ಚುವುದು ನಮ್ಮಿಂದ ಆಗದ ಕೆಲಸವಲ್ಲ. ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ. ನಾಳೆ ಡಿಗ್ರಿಗೆಂದು ಮೈಸೂರಿನಲ್ಲಿ ರೂಮು ಮಾಡಿದಾಗ ಹೇಗೂ ಬೇಕಾಗುವ ವಿದ್ಯೆ ಇದು. ಅಲ್ಲಿಯವರೆಗೆ ಅಮ್ಮಿಗೆ ಅರ್ಧ ಗಂಟೆ ಹೆಚ್ಚು ನಿದ್ದೆ ಸಿಕ್ಕರೆ ಅದೇ ಲಾಭ.