ಲಂಚ ಕೊಟ್ಟವರಿಗೆ 7 ದಿನ

ಪೋಡಿಗೆ, ಖಾತೆಗೆ ಕೈ ಬೆಚ್ಚಗೆ ಮಾಡಿ ಬಂದು ಸಂಘದ ಜಗಲಿಯಲ್ಲಿ ಗೊಣಗುವ ಸದಸ್ಯರು ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೂ ಇದ್ದಾರೆ. (ನಾವೂ ಒಮ್ಮೆ ಕೊಟ್ಟವರೇ.) ಭ್ರಷ್ಟಾಚಾರ ತಡೆ ಕಾಯಿದೆಯ 2018ರ ತಿದ್ದುಪಡಿಯಂತೆ ಕೊಡುವುದೂ ಅಪರಾಧ, 7 ವರ್ಷದವರೆಗೆ ಸೆರೆವಾಸವಾಗಬಹುದು. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಪಾರು.

ಕೊಡುವ ಮುನ್ನವೇ ತಿಳಿಸುವುದು ಲೇಸು. ಆಗ ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಸವರಿ ಕೊಡುತ್ತಾರೆ. ಅದನ್ನು ಮುಟ್ಟಿದ ಕೈಯನ್ನು ಸೋಡಾ ನೀರಿನಲ್ಲಿ ತೊಳೆಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 2016ರಲ್ಲಿ ಎ.ಸಿ.ಬಿ.ಗೆ ಹೋಗಿದ್ದ ಈ ಅಧಿಕಾರ 2022ರ ಹೈಕೋರ್ಟ್ ತೀರ್ಪಿನಿಂದ ಲೋಕಾಯುಕ್ತ ಪೊಲೀಸರಿಗೆ ಮರಳಿದೆ. ನಮ್ಮವರು ಹೋಗಬೇಕಾದ ಅವರ ಕಚೇರಿ ಮೈಸೂರಿನಲ್ಲಿದೆ. ಹಣ ಕೇಳಿದ ದಿನ, ಹೊತ್ತು, ಆಡಿದ ಮಾತು ಅಂದೇ ಬರೆದಿಟ್ಟುಕೊಳ್ಳಿ. ದೂರು ಬರೆಯಲು ಬಾರದವರು ಸಂಘಕ್ಕೆ ಬನ್ನಿ, ಕೂತು ಬರೆಯೋಣ.