ಗಣಿಯಂಚಿನ ನಿಧಿಶೋಧ

ಉಪಗ್ರಹಗಳ ಸಂಕೇತವನ್ನು ಅನುಸರಿಸಿ, ಯಾರೋ ಬಚ್ಚಿಟ್ಟ ಪುಟ್ಟ ಡಬ್ಬಿಯನ್ನು ಹುಡುಕುವ ಆಟಕ್ಕೆ ಜಿಯೋಕ್ಯಾಚಿಂಗ್ ಎಂದು ಹೆಸರು. 2000ನೆಯ ಇಸವಿಯ ಮೇ ತಿಂಗಳಲ್ಲಿ ಇದು ಅಮೆರಿಕದಲ್ಲಿ ಹುಟ್ಟಿತು. ಡಬ್ಬಿಯನ್ನು ಕಂಡವರು ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಅದನ್ನು ಇದ್ದಲ್ಲಿಯೇ ಇರಿಸಬೇಕು.

ಜರ್ಮನಿಯಲ್ಲಿ ಗಾರ್ಟ್ಸ್‌ವೈಲರ್ ಎಂಬ ಕಂದು ಕಲ್ಲಿದ್ದಲಿನ ತೆರೆದ ಗಣಿಯಿದೆ. ಅದರ ಬೇಲಿಯ ಹೊರಗಿನ ದಾರಿಗಳಲ್ಲಿಯೂ ಇಂಥ ಶೋಧಕರು ನಡೆಯುತ್ತಾರೆ. ಕೆಳಗೆ ದೈತ್ಯಯಂತ್ರಗಳು ನೆಲವನ್ನು ಬಗೆಯುತ್ತಿರುತ್ತವೆ. ಆ ಕಲ್ಲಿದ್ದಲು ಮನೆಗಳಿಗೆ ಬೆಳಕನ್ನಿತ್ತಿದೆ. ಹಲವು ಹಳ್ಳಿಗಳನ್ನು ನುಂಗಿಯೂ ಇದೆ. ಇಮ್ಮೆರಾತ್ ಎಂಬ ಹಳ್ಳಿಯ ಇಗರ್ಜಿಯನ್ನು 2018ರ ಜನವರಿಯಲ್ಲಿ ಕೆಡವಲಾಯಿತು. ಅದು ನಿಂತಿದ್ದ ತಾಣದ ಅಕ್ಷಾಂಶ ರೇಖಾಂಶಗಳು ಇಂದಿಗೂ ಬದಲಾಗಿಲ್ಲ. ಆದರೆ ಆ ಊರೇ ಅಲ್ಲಿಲ್ಲ.

ಶೋಧಕನು ತನಗೆ ದೊರೆತ ಡಬ್ಬಿಯನ್ನು ಮರಳಿ ಇದ್ದಲ್ಲಿಯೇ ಇಡುತ್ತಾನೆ. ಭೂಗರ್ಭದಿಂದ ತೆಗೆದು ಉರಿಸಿದ ನಿಧಿಯನ್ನಾದರೋ ಹಾಗೆ ಮರಳಿ ಇಡಲಾಗದು.